ಬೋಗನ್ನನ ಬಾಯಿಗೆ ನಮ್ಮ ಭಾಷೆ

ಮೂಗಿನೊಳಗಿನ ಕೂದಲು ಕೂಡ ಸೆಟೆದುಕೊಳ್ಳುವಂಥ ಚಳಿ. ಮನೆಯ ಮುಂದೆ ಮೊಣಕಾಲುದ್ದ ಹಿಮ. ಆ ಬೆಳಿಗ್ಗೆ ಪಕ್ಕದ ಮನೆಯಿಂದ ಒಬ್ಬ ಗಂಡಸು ಚಡ್ಡಿ ಹಾಕಿಕೊಂಡು ಹೊರಗೆ ಬಂದ. ಮೇಲೆ ದಪ್ಪ ಜಾಕೆಟ್ಟು, ತಲೆಗೆ ಉಣ್ಣೆಯ ಟೊಪ್ಪಿಗೆ, ಪಾದಕ್ಕೆ ಕುರಿಚರ್ಮದ ಬೂಟು. ನಡುವೆ ಬರಿ ಮೊಣಕಾಲು. ಟೊಪ್ಪಿಗೆಯ ಹಿಂದಿನಿಂದ ಕೂದಲು ಭುಜದವರೆಗೆ ಇಳಿದಿತ್ತು. ಸಲಿಕೆ ಹಿಡಿದು ತನ್ನ ಡ್ರೈವ್‌ವೇಯ ಹಿಮವನ್ನೆಲ್ಲ ಗೋರಿ ನಮ್ಮ ಡ್ರೈವ್‌ವೇಯ ಅಂಚಿಗೆ ಒಟ್ಟುತ್ತಿದ್ದ. ಬಾಗಿಲಲ್ಲಿ ನಿಂತ ನನ್ನನ್ನು ಕಂಡು ಕೈಯೆತ್ತಿ ಕೂಗಿದ: "ಹೌ ಯಾ ಗೋಯಿನ್?"

ಎಲ್ಲಿಗೋ ಹೇಗೋ ಹೋಗುವ ಬಗ್ಗೆ ಕೇಳುತ್ತಿದ್ದಾನೆ ಎಂದುಕೊಂಡೆ. "ಎಲ್ಲಿಗೂ ಇಲ್ಲ, ನನಗೆ ಕಾರು ಓಡಿಸಲು ಬರುವುದಿಲ್ಲ" ಎಂದು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟೆ. ಅವನು ಸಲಿಕೆಗೆ ಒರಗಿಕೊಂಡು ಬೀದಿಗೆಲ್ಲ ಕೇಳುವ ಹಾಗೆ ನಕ್ಕ. ಆಮೇಲೆ ತಿಳಿಸಿ ಹೇಳಿದ. ಅವನು ಅಮೆರಿಕದವನಲ್ಲ, ಆಸ್ಟ್ರೇಲಿಯಾದವನು. 'ಹೇಗಿದ್ದೀರಿ' ಎನ್ನುವುದಕ್ಕೆ ಅವನ ಊರಿನಲ್ಲಿ ಹಾಗೆಯೇ ಕೇಳುವುದಂತೆ.

ನನಗೆ ಆ ದಿನವೆಲ್ಲ ಒಂದು ಥರ ಖುಷಿಯಾಗಿತ್ತು. ಗದಗಿನಲ್ಲಿ ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಮನೆಯಿಂದ ಶಾಲೆಗೆ ನಡೆದುಹೋಗುವಾಗ ಹಾಲಿನವನು, ಟೇಲರ್, ಕಟ್ಟೆಯ ಮೇಲಿನ ಮುದುಕರು, ಎಲ್ಲರೂ ಕೇಳುತ್ತಿದ್ದದ್ದು ಅದನ್ನೇ: "ಎಲ್ಲಿಗ್ ಹೊಂಟ್ರಿ ಟೀಚರ್?" ಎಲ್ಲಿಗೆ ಎಂದು ಅವರಿಗೆ ಗೊತ್ತಿರುತ್ತಿತ್ತು. ಕೇಳುವುದು ಮರ್ಯಾದೆ, ಅಷ್ಟೆ. ಅಮೆರಿಕಕ್ಕೆ ಬಂದು ಎರಡು ತಿಂಗಳಾಗಿದ್ದರೂ ಯಾರೂ ನನ್ನನ್ನು ಎಲ್ಲಿಗೆ ಹೊರಟೆ ಎಂದು ಕೇಳಿರಲಿಲ್ಲ. ಅಂಗಡಿಯ ಹುಡುಗಿ 'ಹೌ ಆರ್ ಯು' ಎನ್ನುತ್ತಾಳೆ, ಉತ್ತರ ಬರುವಷ್ಟರಲ್ಲಿ ಮುಂದಿನ ಗಿರಾಕಿಯ ಕಡೆ ತಿರುಗಿರುತ್ತಾಳೆ.

ನಾವು ಇರುವುದು ಶಿಕಾಗೋದ ಪಶ್ಚಿಮಕ್ಕೆ, ನೇಪರ್‌ವಿಲ್‌ನಲ್ಲಿ. ನನ್ನ ಗಂಡ ಮಹಾಂತೇಶ ಮಷಿನ್ ಡಿಸೈನ್ ಎಂಜಿನಿಯರ್. ಅವರ ವೀಸಾಕ್ಕೆ ಜೋತುಬಿದ್ದ ವೀಸಾ ನನ್ನದು. ಅದರ ಮೇಲೆ ನಾನು ಕೆಲಸ ಮಾಡುವಂತಿರಲಿಲ್ಲ. ಇಲ್ಲಿ ಬಡಾವಣೆಗೆ ಸಬ್‌ಡಿವಿಷನ್ ಎನ್ನುತ್ತಾರೆ. ನಮ್ಮದರಲ್ಲಿ ಎಲ್ಲ ಮನೆಗಳೂ ಒಂದೇ ಅಚ್ಚಿನಲ್ಲಿ ತೆಗೆದ ಹಾಗಿವೆ. ಹುಲ್ಲು ಎಷ್ಟು ಎತ್ತರ ಇರಬೇಕು, ಬಾಗಿಲಿಗೆ ಯಾವ ಬಣ್ಣ ಹಚ್ಚಬೇಕು ಎಂದೆಲ್ಲ ನಿಯಮಗಳುಂಟು. ಬಟ್ಟೆ ಹೊರಗೆ ಒಣಗಿಸಬಾರದು. ಗದಗಿನ ಬಿಸಿಲಿನಲ್ಲಿ ಅರ್ಧ ಗಂಟೆಗೆ ಗರಿಗರಿಯಾಗುತ್ತಿದ್ದ ನನ್ನ ಇಳಕಲ್ ಸೀರೆಗಳು ಇಲ್ಲಿ ಬೇಸ್‌ಮೆಂಟಿನ ಕತ್ತಲಲ್ಲಿ ಹಗ್ಗದ ಮೇಲೆ ಜೋಲುತ್ತಿದ್ದವು. ಮಧ್ಯಾಹ್ನ ಕಿಟಕಿಯಿಂದ ನೋಡಿದರೆ ರಸ್ತೆಯಲ್ಲಿ ನರಪಿಳ್ಳೆ ಇಲ್ಲ. ಕಾರುಗಳು ಗ್ಯಾರೇಜಿನ ಬಾಯಿಂದ ಹೊರಬಂದು ಹೋಗುತ್ತವೆ, ಸಂಜೆ ಬಂದು ಅದೇ ಬಾಯೊಳಗೆ ಸೇರುತ್ತವೆ. ಇಳಿಯುವವರು ಕಾಣುವುದೇ ಇಲ್ಲ.

ಅಂಥ ಬೀದಿಯಲ್ಲಿ ಮುಖ ತೋರಿಸುತ್ತಿದ್ದವನು ಇವನೊಬ್ಬನೇ. ಹೆಸರು ಕೆವ್. ಮೆಲ್ಬರ್ನ್ ಹತ್ತಿರದವನು. ಟ್ಯಾಮಿ ಎಂಬ ಇಲಿನಾಯ್ ರಾಜ್ಯದ ನರ್ಸನ್ನು ಮದುವೆಯಾಗಿ ಇಲ್ಲಿಗೆ ಬಂದವನು. ಮನೆ ಟ್ಯಾಮಿಯ ತಾಯಿಯದು. ಜಲ್ಲಿಕಲ್ಲು, ಮರಳು ಸಾಗಿಸುವ ಟ್ರಕ್ ಓಡಿಸುತ್ತಿದ್ದ. ಮನೆಯ ಮುಂದೆ ಎರಡು ಹಳೆಯ ಪಿಕಪ್ ಗಾಡಿ. ಒಂದು ಓಡುತ್ತಿತ್ತು, ಇನ್ನೊಂದನ್ನು ಯಾವಾಗಲೂ ಬಿಚ್ಚಿ ಹರವಿರುತ್ತಿದ್ದ. ರಜೆಯ ದಿನ ತಿಂಡಿಯ ಹೊತ್ತಿಗೇ ಕೈಯಲ್ಲಿ ಬಿಯರ್. ಗ್ಯಾರೇಜಿನ ಬಾಗಿಲು ತೆರೆದಿಟ್ಟು ಕಿವಿ ಕಿತ್ತುಹೋಗುವ ಹಾಗೆ ಹಾಡು ಹಾಕುತ್ತಿದ್ದ. ಒಂದು ಮಾತಿಗೆ ಎರಡು ಬೈಗುಳ. ಕೋಪಕ್ಕಲ್ಲ, ನಾವು ಒಗ್ಗರಣೆಗೆ ಸಾಸಿವೆ ಹಾಕುವ ಹಾಗೆ.

ಓದುವವರು ಈಗಲೇ ಮುಂದಿನದನ್ನು ಊಹಿಸಿರಬಹುದು. ಹೊರಗೆ ಒರಟ, ಒಳಗೆ ಬಂಗಾರ, ಕಷ್ಟಕಾಲಕ್ಕೆ ಬಂದು ಕಾಪಾಡಿದ ಎಂದು. ಕೆವ್ ಯಾರ ಪ್ರಾಣವನ್ನೂ ಉಳಿಸಲಿಲ್ಲ. ಮರುವರ್ಷದ ಚಳಿಗಾಲದಲ್ಲೂ ಅವನ ಹಿಮ ನಮ್ಮ ಅಂಚಿಗೇ ಬಂತು. ಒರಟನೊಬ್ಬನ ಜೊತೆ ಮಾತಾಡಬೇಕಾದರೆ ಮೊದಲು ಅವನು ಸಂತನೆಂದು ಸಾಬೀತಾಗಬೇಕು ಎಂಬುದನ್ನು ನಾನು ಒಪ್ಪುವುದಿಲ್ಲ.

ಅವನು ನನಗೆ ಮಾಡಿಕೊಟ್ಟದ್ದು ಒಂದು, ಕಾರು ಕಲಿಸಿದ್ದು. ಮಹಾಂತೇಶ ಕಲಿಸಲು ಕೂತರೆ ನಾಲ್ಕನೇ ತಿರುವಿಗೇ ನಮ್ಮಿಬ್ಬರ ಜಗಳ ಶುರುವಾಗುತ್ತಿತ್ತು. ಅದನ್ನು ತನ್ನ ಗ್ಯಾರೇಜಿನಿಂದ ನೋಡಿ ನೋಡಿ ಬೇಸತ್ತ ಕೆವ್ ಒಂದು ದಿನ ಬಂದು, "ನೀ ಇಳಿ ಮೇಟ್, ನಾ ಕೂಡ್ತೀನಿ" ಎಂದ. ಅವನ ಇಂಗ್ಲಿಷನ್ನು ನಾನು ಹೀಗೆ ನಮ್ಮೂರ ಮಾತಿನಲ್ಲೇ ಬರೆಯುತ್ತೇನೆ. ನನ್ನ ಕಿವಿಗೆ ಅದು ಹಾಗೆಯೇ ಬೀಳುತ್ತಿತ್ತು. ಮೇಟ್ ಎಂದರೆ ಗೆಳೆಯ. ಗಂಡಸು ಹೆಂಗಸು, ಚಿಕ್ಕವರು ದೊಡ್ಡವರು, ತನ್ನ ಮೇಲಿನ ಅಧಿಕಾರಿ, ಎಲ್ಲರೂ ಅವನಿಗೆ ಮೇಟ್. ಅವನ ದೇಶದಲ್ಲೂ ನಮ್ಮಲ್ಲಿಯ ಹಾಗೆ ರಸ್ತೆಯ ಎಡಗಡೆ ಗಾಡಿ ಓಡಿಸುವುದು. ಅದಕ್ಕೇ ನಾನು ತಪ್ಪು ಬದಿಗೆ ಹೋದಾಗಲೆಲ್ಲ ಅವನಿಗೆ ಅರ್ಥವಾಗುತ್ತಿತ್ತು. "ನಿನ್ನ ಕೈ ತವರುಮನಿಗೆ ಹೊಂಟೈತಿ, ಎಳಕೋ ಈ ಕಡೆ" ಎನ್ನುವ ಅರ್ಥದಲ್ಲಿ ಏನೋ ಕೂಗುತ್ತಿದ್ದ, ಬೈಗುಳ ಸೇರಿಸಿ. ಆ ವಸಂತಕ್ಕೆ ನನಗೆ ಲೈಸೆನ್ಸ್ ಸಿಕ್ಕಿತು. ಒಬ್ಬಳೇ ಗ್ಲೆಂಡೇಲ್ ಹೈಟ್ಸ್‌ನ ಭಾರತೀಯ ಅಂಗಡಿಯವರೆಗೆ ಹೋಗಿ ಜೋಳದ ಹಿಟ್ಟು ತಂದ ದಿನ, ಕಾರು ನಿಲ್ಲಿಸಿ ಸ್ಟೀರಿಂಗ್ ಹಿಡಿದುಕೊಂಡೇ ಸ್ವಲ್ಪ ಹೊತ್ತು ಕೂತಿದ್ದೆ. ಅವನಿಗೆ ಒಂದು ಡಬ್ಬಿ ಶೇಂಗಾ ಚಟ್ನಿಪುಡಿ ಕೊಟ್ಟೆ. ಅವನು ಅದನ್ನು ಬೆಣ್ಣೆ ಹಚ್ಚಿದ ಬ್ರೆಡ್ಡಿನ ಮೇಲೆ ಉದುರಿಸಿ ತಿಂದ. ಬದಲಿಗೆ ತನ್ನ ದೇಶದವರು ಬ್ರೆಡ್ಡಿಗೆ ಹಚ್ಚಿಕೊಳ್ಳುವ ಕಪ್ಪು ಲೇಹ್ಯದಂಥದ್ದೊಂದನ್ನು ಕೊಟ್ಟ. ಉಪ್ಪು, ಕಹಿ, ಹಳೆಯ ಔಷಧದ ರುಚಿ. ನುಂಗಿದೆ, ಎರಡನೇ ಸಲ ಕೇಳಲಿಲ್ಲ.

ಕಾರು ಓಡಿಸಲು ಬಂದ ಮೇಲೆ ಕನ್ನಡದವರೂ ಸಿಕ್ಕರು. ವಸುಧಾ ನಮ್ಮ ಸಬ್‌ಡಿವಿಷನ್ನಿನ ಇನ್ನೊಂದು ಬೀದಿಯವರು, ಬೆಂಗಳೂರು ಬಸವನಗುಡಿಯವರು. ನನಗಿಂತ ಹತ್ತು ವರ್ಷ ದೊಡ್ಡವರು. ಗಂಡನ ಕೆಲಸದ ಮೇಲೆ ಕೆಲವು ವರ್ಷ ಸಿಡ್ನಿಯಲ್ಲಿದ್ದು ಆಮೇಲೆ ಇಲ್ಲಿಗೆ ಬಂದವರು. ಇಲ್ಲಿಯ ಕನ್ನಡ ಬಳಗದ ಸಾಂಸ್ಕೃತಿಕ ಕಾರ್ಯಕ್ರಮಗಳೆಲ್ಲ ಅವರ ಕೈಯಲ್ಲೇ. ನನ್ನನ್ನು ಕರೆದರು, ಊಟ ಹಾಕಿದರು, ಯಾವ ಡಾಕ್ಟರು ಒಳ್ಳೆಯವರು, ಯಾವ ಅಂಗಡಿಯಲ್ಲಿ ನುಗ್ಗೇಕಾಯಿ ಸಿಗುತ್ತದೆ, ಎಲ್ಲ ಹೇಳಿಕೊಟ್ಟರು. ಅವರನ್ನು ಕೆಟ್ಟವರೆಂದು ನಾನು ಇವತ್ತಿಗೂ ಹೇಳಲಾರೆ. ನಾನು ಬಾಯಿ ತೆರೆದಾಗ ಅವರ ಮುಖದಲ್ಲಿ ಒಂದು ಸಣ್ಣ ನಗೆ ಏಳುತ್ತಿತ್ತು. "ನಿಮ್ಮ ಭಾಷೆ ಎಷ್ಟ್ ಕ್ಯೂಟ್ ಆಗಿದೆ ಗಿರಿಜಾ, ಇನ್ನೊಂದ್ಸಲ ಹೇಳಿ" ಎನ್ನುತ್ತಿದ್ದರು. ಮೊದಮೊದಲು ನಾನೂ ನಗುತ್ತ ಹೇಳುತ್ತಿದ್ದೆ. ಒಂಟಿಯಾಗಿದ್ದವಳಿಗೆ ಕ್ಯೂಟ್ ಎನ್ನಿಸಿಕೊಳ್ಳುವುದೂ ಒಂದು ಆಸರೆಯೇ.

ಒಂದು ಭಾನುವಾರ ಅವರ ಮನೆಯಲ್ಲಿ ಹತ್ತಾರು ಮಂದಿ ಸೇರಿದ್ದಾಗ ಹೊಸ ಊರಿನ ಪಜೀತಿಗಳ ಮಾತು ಬಂತು. ನಾನು ಕೆವ್‌ನ 'ಹೌ ಯಾ ಗೋಯಿನ್' ಕತೆ ಹೇಳಿದೆ. ಅವನ ಮಾತಿನ ಧಾಟಿ ಥೇಟ್ ನಮ್ಮ ಗದಗಿನವರದು, ಮನಸ್ಸಿಗೆ ಬಂದದ್ದನ್ನು ಜೋರಾಗಿ ಹೇಳಿಬಿಡುತ್ತಾನೆ ಎಂದೆ. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ವಸುಧಾ ಕಣ್ಣು ಒರೆಸಿಕೊಂಡು, "ಆ ಉದ್ದ ಕೂದಲಿನವನಾ? ಸಿಡ್ನೀಲಿ ಇಂಥವರಿಗೆ ಬೋಗನ್ ಅಂತಾರೆ ಕಣ್ರೀ. ಒಳ್ಳೆ ಏರಿಯಾದವರು ಮಾತೇ ಆಡ್ಸಲ್ಲ. ನಮ್ಮ ಸಬ್‌ಡಿವಿಷನ್ನಿಗೇ ಬಂದು ವಕ್ಕರಿಸಿದಾನಲ್ಲಪ್ಪಾ!" ಎಂದರು.

ಆ ಪದ ನಾನು ಕೇಳಿದ್ದು ಅದೇ ಮೊದಲು. ಮರುದಿನ ನೇರವಾಗಿ ಕೆವ್‌ನನ್ನೇ ಕೇಳಿದೆ. ಅವನು ಎಂಜಿನ್ನಿನೊಳಗಿನಿಂದ ತಲೆ ಹೊರಗೆ ತೆಗೆದು, "ಹೌದ, ನಾ ಬೋಗನ್ನೇ. ಯಾರ್ ಕಂಡ್ ಹಿಡದ್ರು?" ಎಂದ. ಅವನಿಗೆ ಅದು ಬೈಗುಳ ಅನ್ನಿಸಿದ ಹಾಗೆ ಕಾಣಲಿಲ್ಲ. ಕೈ ಒರೆಸಿಕೊಂಡು ಕುರ್ಚಿ ಹಾಕಿ ಕೂರಿಸಿ ನನಗೆ ದೊಡ್ಡ ಪಾಠವನ್ನೇ ಮಾಡಿದ. ಬೋಗನ್ ಎಂದರೆ ಊರಂಚಿನ ಬಡಾವಣೆಯವನು. ಮುಂದೆ ಗಿಡ್ಡ ಹಿಂದೆ ಉದ್ದ ಕೂದಲು, ಚೌಕಳಿ ಅಂಗಿ, ಸದ್ದು ಮಾಡುವ ಗಾಡಿ, ನಯನಾಜೂಕು ಗೊತ್ತಿಲ್ಲದವನು. ಅವನ ಅಪ್ಪನ ಕಾಲದಲ್ಲಿ ಅಂಥವರಿಗೆ ಆಕರ್ ಎನ್ನುತ್ತಿದ್ದರಂತೆ. ಆಕರ್ ಎಂದರೆ ಹೊಟ್ಟೆ ಮುಂದೆ ಬಿಟ್ಟು, ಬೆಂಚಿಗೊರಗಿ, ಜಗತ್ತಿನ ಎಲ್ಲದರ ಬಗ್ಗೆ ಗಟ್ಟಿಯಾಗಿ ಅಭಿಪ್ರಾಯ ಹೇಳುವವನು. ಯಾಬೋ ಅದಕ್ಕಿಂತ ಕೀಳು, ಕುಡಿದು ಗಲಾಟೆ ಮಾಡುವವನು; ಹುಡುಗ ಎನ್ನುವ 'ಬಾಯ್' ಪದದ ಇಂಗ್ಲಿಷ್ ಅಕ್ಷರಗಳನ್ನು ತಿರುಗಿಸಿ ಮಾಡಿದ ಪದ ಎಂದ. ಹೂನ್ ಎಂದರೆ ಬೀದಿಯಲ್ಲಿ ಗಾಡಿಯನ್ನು ಕಿರುಚಿಸುತ್ತ ಓಡಿಸುವವನು. ಲ್ಯಾರಿಕಿನ್ ಎಂದರೆ ದೊಡ್ಡವರಿಗೆ ಹೆದರದ, ಕುಚೋದ್ಯದ ಮನುಷ್ಯ. ಒಂದು ಕಾಲದಲ್ಲಿ ಬೀದಿ ರೌಡಿಗೆ ಹಾಗೆನ್ನುತ್ತಿದ್ದರಂತೆ, ಈಗ ಪ್ರೀತಿಯಿಂದ ಅನ್ನುತ್ತಾರಂತೆ.

ನಾನೂ ನಮ್ಮ ಕಡೆಯ ಪದಗಳನ್ನು ಕೊಟ್ಟೆ. ಬೋಗನ್‌ಗೆ ಗಮಾರ, ಯಾಬೋಗೆ ದಾಂಡಿಗ. ಲ್ಯಾರಿಕಿನ್‌ಗೆ ತಡಮಾಡದೆ 'ಉಡಾಳ' ಎಂದೆ. ನಮ್ಮಲ್ಲಿ ತಾಯಂದಿರು "ಎಂಥಾ ಉಡಾಳ ಆಗ್ಯಾನ ನೋಡ್ರಿ" ಎಂದು ಮಗನನ್ನು ಬೈಯುವಾಗ ಅರ್ಧ ಹೆಮ್ಮೆ ಬೆರೆತಿರುತ್ತದೆ ಎಂದು ವಿವರಿಸಿದೆ. ಕೆವ್‌ಗೆ ಆ ಪದ ಹಿಡಿಸಿಬಿಟ್ಟಿತು. 'ಉಡಾಲ್, ಉಡಾಲ್' ಎಂದು ಟ್ಯಾಮಿಗೆ ಕೂಗಿ ಹೇಳಿದ. ಟ್ಯಾಮಿ ಒಳಗಿನಿಂದ, "ನಮ್ಮಲ್ಲಿ ಇದಕ್ಕೆಲ್ಲ ರೆಡ್‌ನೆಕ್ ಅಂತ ಒಂದೇ ಪದ ಸಾಕು" ಎಂದಳು.

ಅಕ್ಟೋಬರ್‌ನಲ್ಲಿ ವಸುಧಾ ಫೋನ್ ಮಾಡಿದರು. ರಾಜ್ಯೋತ್ಸವಕ್ಕೆ ಒಂದು ಹಾಸ್ಯ ನಾಟಕ ಬರೆದಿದ್ದರು. ಹೆಸರು 'ಪಕ್ಕದ ಮನೆ ಬೋಗನ್'. ನೇಪರ್‌ವಿಲ್‌ನ ಒಂದು ಸಭ್ಯ ಕನ್ನಡ ಕುಟುಂಬದ ಪಕ್ಕಕ್ಕೆ ಒಬ್ಬ ಆಸ್ಟ್ರೇಲಿಯಾದ ಗಮಾರ ಬರುತ್ತಾನೆ, ಅಲ್ಲಿಂದ ಶುರು ಕತೆ.

"ನಿಮ್ಮ ಜೋಕ್‌ನಿಂದಾನೇ ಐಡಿಯಾ ಬಂದಿದ್ದು ಗಿರಿಜಾ" ಎಂದರು. "ಈಗ ಒಂದು ಹೆಲ್ಪ್ ಬೇಕು. ಬೋಗನ್ ಡೈಲಾಗ್ಸ್ ಎಲ್ಲ ನಿಮ್ಮ ಕಡೆ ಭಾಷೆಗೆ ಮಾಡ್ಕೊಡಿ. ಅವನು ಇಂಗ್ಲಿಷ್ ಮಾತಾಡಿದ್ರೆ ಮಜಾ ಬರಲ್ಲ. ಧಾರವಾಡ ಕನ್ನಡ ಮಾತಾಡಿದ್ರೆ ಜನಕ್ಕೆ ತಕ್ಷಣ ಗೊತ್ತಾಗತ್ತೆ, ಎಂಥ ಮನುಷ್ಯ ಅಂತ."

ನನ್ನ ಕೈಯಲ್ಲಿ ಲಟ್ಟಣಿಗೆ ಇತ್ತು. ಕೆಳಗಿಟ್ಟೆ. "ಎಂಥಾ ಮನುಷ್ಯಾ ಅಂತ ಗೊತ್ತಾಕ್ಕೈತ್ರಿ?" ಎಂದೆ.

"ಅಯ್ಯೋ, ತಪ್ಪು ತಿಳ್ಕೋಬೇಡಿ. ನೀವೇ ಹೇಳಿದ್ರಲ್ಲ, ಅವನ ಮಾತು ನಿಮ್ಮೂರವರ ಥರಾನೇ ಇದೆ ಅಂತ."

ಹೇಳಿದ್ದೆ, ಹೌದು. ನಾನು ಹೇಳಿದ್ದು, ಬಹಳ ದಿನದ ಮೇಲೆ ನಮ್ಮೂರಿನವನಂಥ ಒಬ್ಬ ಸಿಕ್ಕ ಎಂಬ ಸಂತೋಷದಲ್ಲಿ. ಅವರ ಕಿವಿಗೆ ಅದು ಬಿದ್ದದ್ದು ಬೇರೆ ಥರ. ಅವನು ಗಮಾರ, ಅವನ ಮಾತು ನಮ್ಮ ಮಾತಿನ ಹಾಗಿದೆ, ಹಾಗಾದರೆ ನಮ್ಮ ಮಾತು ಗಮಾರರದು. ಲೆಕ್ಕ ಸರಿಯಾಗಿಯೇ ಇತ್ತು.

"ಮಾಡಿಕೊಡ್ತೀನ್ರಿ" ಎಂದೆ. "ಒಂದ್ ಕೆಲಸ ಮಾಡೋಣ. ಆ ಸಭ್ಯ ಮನಿ ಐತೆಲ್ಲ, ಡಾಕ್ಟ್ರು, ಅವ್ರ ಹೆಂಡ್ತಿ, ಬುದ್ಧಿ ಹೇಳೋ ಅಜ್ಜ, ಅವ್ರ ಮಾತೆಲ್ಲಾ ಗದಗಿನ ಭಾಷಿಯೊಳಗ ಬರದ್ ಕೊಡ್ತೀನಿ. ಬೋಗನ್ ಬೆಂಗಳೂರು ಕನ್ನಡ ಮಾತಾಡ್ಲಿ."

ವಸುಧಾ ನಿಜವಾಗಿಯೂ ಯೋಚಿಸಿದರು. ಆಮೇಲೆ ಬೇಸರವಿಲ್ಲದೆ, ಬಹಳ ಸಹಜವಾಗಿ ಕೇಳಿದರು: "ಹಾಗ್ ಮಾಡಿದ್ರೆ ಕಾಮಿಡಿ ಎಲ್ಲಿಂದ ಬರತ್ತೆ?"

ನಾನು ಆಗುವುದಿಲ್ಲ ಎಂದೆ. ಮಹಾಂತೇಶನಿಗೆ ಅದು ಸರಿಬರಲಿಲ್ಲ. ರಾತ್ರಿ ಊಟಕ್ಕೆ ಕೂತಾಗ, "ಒಂದ್ ನಾಟಕಕ್ಕ ಯಾಕ ಇಷ್ಟ್ ಬಿರುಸ ಮಾತು? ವೀಸಾ ಮ್ಯಾಲೆ ಬಂದವ್ರು ನಾವು. ನಾಳೆ ಏನರ ಬೇಕಾದ್ರ ಇವ್ರ ಮನಿ ಬಾಗಿಲಿಗೇ ಹೋಗ್ಬೇಕು" ಎಂದರು.

"ನೀವು ನಿಮ್ಮ ಆಫೀಸಿನ ಬೆಂಗಳೂರವ್ರ ಜೋಡಿ ಫೋನಿನ್ಯಾಗ ಮಾತಾಡೋದು ನಾ ಕೇಳೀನ್ರಿ" ಎಂದೆ. "'ಹಾಗೆ', 'ಯಾಕೆ', 'ಬೇಡ' ಅಂತೀರಿ. ಫೋನ್ ಇಟ್ಟ ಕೂಡ್ಲೇ 'ಹಂಗ', 'ಯಾಕ', 'ಬ್ಯಾಡ'. ಬೂಟ್ ಬಿಚ್ಚಿ ಒಳಗ ಬಂದಂಗ."

ಅವರು ರೊಟ್ಟಿ ಮುರಿದು ಪಲ್ಯ ಬಡಿಸಿಕೊಂಡರು.

ಕೆವ್‌ಗೆ ವಿಷಯ ಹೇಳಿದೆ. ಅವನಿಗೆ ಸಿಟ್ಟು ಬರುತ್ತದೆ ಎಂದುಕೊಂಡಿದ್ದೆ. ಅವನು ನಕ್ಕು, ನಾಟಕದಲ್ಲಿ ತನಗೆ ಪಿಕಪ್ ಗಾಡಿ ಉಂಟೋ ಇಲ್ಲವೋ ಎಂದು ವಿಚಾರಿಸಿದ. ಆಮೇಲೆ ಬಿಯರ್ ಕ್ಯಾನಿನ ಮುಚ್ಚಳದ ಕೊಂಡಿಯನ್ನು ತಿರುಚುತ್ತ ಹಳೆಯ ಮಾತೊಂದನ್ನು ತೆಗೆದ. ಶಾಲೆಯಲ್ಲಿದ್ದಾಗ ಒಬ್ಬ ಮೇಷ್ಟ್ರು, ಎಲ್ಲಾದರೂ ಕೆಲಸ ಕೇಳಲು ಹೋದರೆ ಬೋಗನ್ ಥರ ಬಾಯಿ ತೆರೆಯಬೇಡ ಎಂದು ತರಗತಿಯ ಮುಂದೆಯೇ ಹೇಳಿದ್ದರಂತೆ. "ನಾ ನನ್ನನ್ನ ಬೋಗನ್ ಅಂತೀನಿ, ನನ್ನ ಗೆಳ್ಯಾರೂ ಅಂತಾರ. ಅದು ಹೊಟ್ಟಿಯಿಂದ ಬರ್ತೈತಿ. ಕೆಲವ್ರದು ಮೂಗಿನಿಂದ ಬರ್ತೈತಿ. ಮೂಗಿನಿಂದ ಬಂತಂದ್ರ ನಾ ಎದ್ದು ಹೋಗ್ತೀನಿ" ಎಂದ.

ನಾನು ಎದ್ದುಹೋಗುವ ಪೈಕಿಯಲ್ಲ. ಬಳಗದವರು ನನ್ನನ್ನು ಸಮಾಧಾನ ಮಾಡಲೆಂದೋ ಏನೋ, ಕಾರ್ಯಕ್ರಮದ ಕೊನೆಗೆ ವಂದನಾರ್ಪಣೆ ಮಾಡಲು ಕೇಳಿದರು. ಹೊಸಬರಿಗೂ ಅವಕಾಶ ಸಿಗಬೇಕು ಎಂದರು. ಒಪ್ಪಿಕೊಂಡೆ.

ಬಾಡಿಗೆಗೆ ಹಿಡಿದ ಒಂದು ಹೈಸ್ಕೂಲಿನ ಸಭಾಂಗಣ. ಹಿಂದೆ ಮೇಜುಗಳ ಮೇಲೆ ಬಿಸಿಬೇಳೆಬಾತಿನ ದೊಡ್ಡ ತಟ್ಟೆಗಳು, ಮುಂದೆ ರೇಷ್ಮೆ ಸೀರೆಗಳು, ಜುಬ್ಬಾಗಳು, ತಮ್ಮತಮ್ಮಲ್ಲಿ ಇಂಗ್ಲಿಷಿನಲ್ಲಿ ಜಗಳವಾಡುವ ಮಕ್ಕಳು. ನಾಟಕ ಶುರುವಾಯಿತು. ಬೋಗನ್ ಪಾತ್ರಕ್ಕೆ ಮೈಸೂರು ಕಡೆಯ ಒಬ್ಬ ಯುವಕ. ತಲೆಗೆ ಸುಳ್ಳು ಕೂದಲು, ಮೈಗೆ ಬನಿಯನ್ನು, ಕೈಯಲ್ಲಿ ಬಾಟಲಿ. ರಂಗದ ಮೇಲೆ ಬಂದವನೇ "ಏನಲೇ ಮಗನ, ಎಲ್ಲಿಗ್ ಹೊಂಟೀಯಲೇ" ಎಂದ. ಸಭೆ ಬಿದ್ದು ಬಿದ್ದು ನಕ್ಕಿತು. ಅವನು ನಕ್ಕಾಗಲೆಲ್ಲ ಹೊಟ್ಟೆ ಕೆರೆದುಕೊಳ್ಳುತ್ತಿದ್ದ, ಎರಡು ಮಾತಿಗೊಮ್ಮೆ 'ಲೇ' ಸೇರಿಸುತ್ತಿದ್ದ. ನಮ್ಮಲ್ಲಿ 'ಲೇ' ಎನ್ನಲು ಸಲಿಗೆ ಬೇಕು, ನೋಡಿದವರಿಗೆಲ್ಲ ಅನ್ನುವುದಿಲ್ಲ. ನಾಲ್ಕಾರು ಮಂದಿ ನಗುತ್ತಲೇ ನನ್ನ ಕಡೆ ತಿರುಗಿ ನೋಡಿದರು. ಒಬ್ಬಾಕೆ ಪ್ರೀತಿಯಿಂದಲೇ ನನ್ನ ತೊಡೆ ತಟ್ಟಿ, "ನಿಮ್ದೇ ಅಲ್ವಾ!" ಎಂದರು. ಮಹಾಂತೇಶ ಮೊದಲು ನಕ್ಕರು. ಆಮೇಲೆ ನಗಲಿಲ್ಲ.

ಕೊನೆಗೆ ನನ್ನ ಸರದಿ. ಮೈಕಿನ ಮುಂದೆ ನಿಂತೆ. ಶುದ್ಧ ಪುಸ್ತಕದ ಕನ್ನಡದಲ್ಲಿ ಮಾತಾಡಲು ನನಗೆ ಬರುವುದಿಲ್ಲವೆಂದಲ್ಲ. ಈಗ ಇದನ್ನು ಬರೆಯುತ್ತಿಲ್ಲವೇ?

"ಎಲ್ಲಾರಿಗೂ ಶರಣ್ರಿ. ನಾ ಗಿರಿಜಾ ಅಂತ, ಗದಗಿನಾಕಿ" ಎಂದೆ.

ಸಭೆ ಗೊಳ್ಳೆಂದು ನಕ್ಕಿತು. ನಾಟಕ ಇನ್ನೂ ಮುಗಿದಿಲ್ಲ ಎಂದುಕೊಂಡಿದ್ದರು.

ನಗು ಇಳಿಯುವವರೆಗೆ ಕಾದೆ. "ನಾ ಇನ್ನೂ ನಗೋ ಮಾತು ಹೇಳೇ ಇಲ್ರಿ" ಎಂದೆ.

ಮತ್ತೆ ನಗು. ಈ ಸಲ ಹಿಂದಿನ ಸಾಲುಗಳಲ್ಲಿ ಎದ್ದು ಮುಂದಿನ ಸಾಲುಗಳಿಗೆ ಬರುವಷ್ಟರಲ್ಲಿ ನಿಂತುಹೋಯಿತು. ಒಂದು ಮಗು ಮಾತ್ರ ನಗುತ್ತಿತ್ತು. ಅದರ ತಾಯಿ ಸುಮ್ಮನಿರಿಸಿದಳು.

ನಾನು ಮುಂದುವರಿಸಿದೆ. ಅಡುಗೆ ಮಾಡಿದವರಿಗೆ, ಕುರ್ಚಿ ಹಾಕಿದವರಿಗೆ, ಹಾಡಿದ ಮಕ್ಕಳಿಗೆ, ಶಾಲೆಯ ಬಾಗಿಲು ತೆರೆದುಕೊಟ್ಟ ಸಿಬ್ಬಂದಿಗೆ, ಒಬ್ಬೊಬ್ಬರಿಗೂ ನಮ್ಮ ಮಾತಿನಲ್ಲೇ ವಂದನೆ ಹೇಳಿದೆ. ಕೊನೆಗೆ ಹೇಳಿದೆ: "ನಾಟಕದಾಗ ಬೋಗನ್ ಆಗಿದ್ದ ತಮ್ಮಗೂ ಧನ್ಯವಾದ. ಅವ ಆಡಿದ್ದು ನಮ್ಮ ಭಾಷಿ ಅಲ್ರಿ. ಆದ್ರೂ ಅವ ಬಾಯಿ ತಗದಾಗ ನೀವೆಲ್ಲಾ ನನ್ನ ಕಡೆ ಹೊಳ್ಳಿ ನೋಡಿದ್ರಿ. ಅದಕ್ಕೂ ಧನ್ಯವಾದ. ಈ ಭಾಷಿಯೊಳಗ ನಾ ಬೆಳಕು ಹೆಂಗ ಬಾಗ್ತೈತಿ, ರಕ್ತ ಹೆಂಗ ಹರೀತೈತಿ ಅಂತ ಮಕ್ಕಳಿಗೆ ವರ್ಷಗಟ್ಟಲೆ ಕಲಿಸೀನಿ. ಯಾರೂ ನಕ್ಕಿಲ್ರಿ. ಊಟ ತಯಾರೈತಿ, ಎಲ್ಲಾರೂ ಉಂಡು ಹೋಗ್ರಿ."

ಚಪ್ಪಾಳೆ ಬಂತು, ಅಲ್ಲೊಂದು ಇಲ್ಲೊಂದು. ಯಾವುದೋ ಕ್ರಾಂತಿ ಆಯಿತೆಂದು ನಾನು ಹೇಳುತ್ತಿಲ್ಲ. ಊಟದ ಸಾಲಿನಲ್ಲಿ ವಸುಧಾ ನನ್ನ ಹತ್ತಿರ ಬಂದು, "ತುಂಬಾ ಪರ್ಸನಲ್ ಆಗಿ ತಗೊಂಡ್ಬಿಟ್ರಿ ಗಿರಿಜಾ. ಅಷ್ಟ್ ಕಷ್ಟಪಟ್ಟು ಬರ್ದಿದ್ದೆ" ಎಂದರು. ಅವರ ಕಣ್ಣು ತುಂಬಿತ್ತು. ನನಗೂ ಕೆಡುಕೆನಿಸಿತು. ಆದರೆ ಸಾರಿ ಎನ್ನಲಿಲ್ಲ. ಅವರ ಹಿಂದೆ ನಿಂತಿದ್ದವರು ಗ್ಲೆಂಡೇಲ್ ಹೈಟ್ಸ್‌ನ ಡಾಕ್ಟರ್ ಪಾಟೀಲ ಅಂಕಲ್, ಮೂಲತಃ ಬಾಗಲಕೋಟೆ ಕಡೆಯವರು, ಇಲ್ಲಿಗೆ ಬಂದು ತಲೆ ನರೆತವರು. ವಸುಧಾ ಹೋದ ಮೇಲೆ, "ನೀವು ಹಾಗೆ ಹೇಳಬಾರದಿತ್ತಮ್ಮಾ" ಎಂದು ಗಂಭೀರವಾಗಿ ಶುರು ಮಾಡಿದರು. "ಎಲ್ಲರೂ ಒಟ್ಟಿಗೆ ಇರಬೇಕಾದ ಜಾಗ ಇದು. ನಾವೂ ಬಂದ ಹೊಸದರಲ್ಲಿ ಎಷ್ಟೋ ಸಹಿಸಿಕೊಂಡಿದ್ದೇವೆ, ನುಡಿ ತಿದ್ದಿಕೊಂಡಿದ್ದೇವೆ..." ಇಷ್ಟಕ್ಕೆ ನಿಲ್ಲಿಸಿ ತಟ್ಟೆ ನೋಡಿಕೊಂಡರು. ಆಮೇಲೆ ಮೆಲ್ಲಗೆ, "ಶರಣ್ರಿ ಅಂದಿ ನೋಡವಾ... ಮೈ ಝುಂ ಅಂತು" ಎಂದು ಸರಸರ ಮುಂದೆ ಹೋದರು.

ಆಮೇಲಿನ ತಿಂಗಳುಗಳು ಸುಲಭವಾಗಿರಲಿಲ್ಲ. ನನ್ನನ್ನು ಯಾರೂ ಬೈಯಲಿಲ್ಲ. ಕರೆಯುವುದು ನಿಂತಿತು, ಅಷ್ಟೆ. ಸಂಕ್ರಾಂತಿಯ ಎಳ್ಳು ಆಚೆ ಬೀದಿಯವರೆಗೆ ಬಂದು ಈಚೆಗೆ ಬರಲಿಲ್ಲ. ನಾನು ಎಳ್ಳು ಹುರಿದು, ಶೇಂಗಾ ಹೋಳಿಗೆ ಮಾಡಿ, ಕರೆಯದಿದ್ದವರ ಮನೆಗಳಿಗೂ ಕಾರು ಓಡಿಸಿಕೊಂಡು ಹೋಗಿ ಕೊಟ್ಟುಬಂದೆ. ಕೆಲವರು ಒಳಗೆ ಕರೆದರು. ವಸುಧಾ ಬಾಗಿಲಲ್ಲೇ ಇಸಿದುಕೊಂಡು ಥ್ಯಾಂಕ್ಸ್ ಎಂದರು. ಬೇಸಿಗೆ ಬಂದಾಗ ಹಿತ್ತಲಿನ ಡೆಕ್ಕಿನ ಕಟಕಟೆಯ ಮೇಲೆ ಇಳಕಲ್ ಸೀರೆಗಳನ್ನು ಬಿಸಿಲಿಗೆ ಹರವಿದೆ. ಸಬ್‌ಡಿವಿಷನ್ನಿನ ಸಂಘದಿಂದ ನಿಯಮ ನೆನಪಿಸುವ ಇಮೇಲ್ ಬಂತು. ಇವು ಬಟ್ಟೆಯಲ್ಲ, ನನ್ನ ತಾಯಿ ಉಟ್ಟ ಸೀರೆಗಳು ಎಂದು ಉತ್ತರ ಕಳಿಸಿದೆ. ಇನ್ನೊಂದು ಇಮೇಲ್ ಬಂತು. ಸೀರೆಗಳು ಒಣಗುತ್ತಲೇ ಇವೆ.

ಆ ವರ್ಷವೇ ಟ್ಯಾಮಿಯ ತಾಯಿ ತೀರಿಕೊಂಡರು. ಮನೆ ಮಾರಿ, ಟ್ಯಾಮಿಯ ಅಕ್ಕ ಇರುವ ಡೆಟ್ರಾಯ್ಟ್ ಕಡೆಗೆ ಅವರಿಬ್ಬರೂ ಹೋದರು. ಡೌನ್‌ರಿವರ್ ಎನ್ನುತ್ತಾರೆ ಆ ಭಾಗಕ್ಕೆ. ಪಟ್ಟಣದ ದಕ್ಷಿಣಕ್ಕೆ, ನದಿಯ ಗುಂಟ ಕಾರ್ಖಾನೆ ಕೆಲಸಗಾರರ ಊರುಗಳು. ಆಗಸ್ಟಿನಲ್ಲಿ ನಾವು ನೋಡಲು ಹೋದೆವು. ಅಲ್ಲಿ ಹುಲ್ಲಿನ ಎತ್ತರ ಅಳೆಯುವವರಿಲ್ಲ. ಅಂಗಳಗಳಲ್ಲಿ ದೋಣಿಗಳು, ಬಿಚ್ಚಿದ ಗಾಡಿಗಳು, ಹಗ್ಗದ ಮೇಲೆ ಬಟ್ಟೆ. ಜನ ಹೊರಗೆ ಕುರ್ಚಿ ಹಾಕಿ ಕೂತಿರುತ್ತಾರೆ, ಹೋಗಿಬರುವವರನ್ನು ಮಾತಾಡಿಸುತ್ತಾರೆ. ನೇಪರ್‌ವಿಲ್‌ಗಿಂತ ಇದೇ ನಮ್ಮೂರಿನ ಹಾಗಿದೆ ಎನ್ನಿಸಿ ಮನಸ್ಸು ಹಗುರಾಯಿತು. ಕೆವ್ ಬೆಂಕಿ ಒಲೆಯ ಮೇಲೆ ಎಲ್ಲರಿಗೂ ಮಾಂಸ ಸುಡುತ್ತಿದ್ದ, ನಮಗೆಂದು ಒಂದು ಮೂಲೆಯಲ್ಲಿ ಈರುಳ್ಳಿ, ಮೆಕ್ಕೆತೆನೆ. ನೆರೆಯವರಿಗೆಲ್ಲ "ಇಕಿ ನೇಪರ್‌ವಿಲ್‌ನ ದೊಡ್ಡ ಬೋಗನ್" ಎಂದು ಪರಿಚಯಿಸಿದ. ನಾನು ತಲೆಯೆತ್ತಿಯೇ ಕೈಕುಲುಕಿದೆ.

ಅವರಲ್ಲಿ ರ‍್ಯಾಂಡಿ ಎಂಬವನೊಬ್ಬ, ಎರಡು ಬಿಯರ್ ಆದ ಮೇಲೆ, ನಾನು ಹೇಳಿದ ಒಂದು ವಾಕ್ಯವನ್ನು ಹಾಗೆಯೇ ತಿರುಗಿಸಿ ಹೇಳಿದ. ನಾಲಿಗೆ ಮಡಚಿ, ತಲೆ ಅಲ್ಲಾಡಿಸುತ್ತ, ಭಾರತದವರ ಇಂಗ್ಲಿಷನ್ನು ಅಣಕಿಸಿದ. ನಾಲ್ಕೈದು ಜನ ನಕ್ಕರು. ಕೆವ್ ಕೂಡ ನಕ್ಕ.

"ಕೆವ್, ಈಗ ಅದು ನಿನ್ನ ಮೂಗಿನಿಂದ ಬಂತು" ಎಂದೆ.

ಅವನ ಮುಖದ ಮೇಲಿನ ನಗು ತಕ್ಷಣ ಹೋಗಲಿಲ್ಲ, ಎಲ್ಲಿಗೆ ಹೋಗಬೇಕೆಂದು ತಿಳಿಯದ ಹಾಗೆ ಅಲ್ಲೇ ನಿಂತಿತು. ರ‍್ಯಾಂಡಿ, ತಮಾಷೆ ಅಷ್ಟೇ ಎಂದ. ಅದೇ ಅರ್ಥದ ಮಾತನ್ನು ನಾನು ವಸುಧಾರ ಬಾಯಿಂದ ಕನ್ನಡದಲ್ಲಿ ಮೊದಲೇ ಕೇಳಿದ್ದೆ. ಕೆವ್ ಇಕ್ಕಳ ಕೆಳಗಿಟ್ಟು, "ಫೇರ್ ಕಾಲ್" ಎಂದ. ನೀ ಹೇಳಿದ್ದು ಸರಿ ಎಂದು ಅರ್ಥ. ರ‍್ಯಾಂಡಿಗೆ, "ಮುಚ್ಚು ಮೇಟ್" ಎಂದ. ಊಟ ಮುಂದುವರಿಯಿತು. ನಾನು ಅರ್ಧ ತಿಂದ ಮೆಕ್ಕೆತೆನೆಯನ್ನು ತಟ್ಟೆಯಲ್ಲೇ ಬಿಟ್ಟೆ.

ಮರುದಿನ ಹೊರಟೆವು. ಡ್ರೈವ್ ಮಾಡುತ್ತಿದ್ದವಳು ನಾನೇ. ಹಿತ್ತಲಲ್ಲಿ ಬಟ್ಟೆ ಒಣಗಿಸುವವರ ನಡುವೆಯೂ ನನ್ನ ನಾಲಿಗೆ ನಗೆಪಾಟಲು, ಬಿಸಿಬೇಳೆಬಾತು ಬಡಿಸುವವರ ನಡುವೆಯೂ ನಗೆಪಾಟಲು. ಗದಗಿಗೆ ಫೋನ್ ಮಾಡಿದರೆ ನನ್ನ ತಂಗಿಯೇ "ಎಷ್ಟ್ ಇಂಗ್ಲಿಷ್ ಬೆರಸ್ತೀಯವಾ, ಅಮೇರಿಕಾದಾಕಿ" ಎಂದು ಛೇಡಿಸುತ್ತಾಳೆ. ಮೂರೂ ಕಡೆ ನನ್ನವರಿದ್ದಾರೆ, ಮೂರೂ ಕಡೆ ನಾನು ಸ್ವಲ್ಪ ಹೊರಗಿನವಳು. ಹಾಗೆಂದು ನಾಲಿಗೆಯನ್ನು ಊರಿಗೊಂದರಂತೆ ಬದಲಿಸುತ್ತ ಹೋಗಲು ನನಗೆ ಮನಸ್ಸಿಲ್ಲ.

ಮಿಶಿಗನ್ ರಾಜ್ಯ ದಾಟಿ ಇಂಡಿಯಾನಾದಲ್ಲಿ, ಕಾಲವಲಯ ಬದಲಾಗಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋದ ಮೇಲೆ, ಫೋನ್ ಬಂತು. ವಸುಧಾ. ಎಷ್ಟೋ ತಿಂಗಳ ಮೇಲೆ. ಮಹಾಂತೇಶ ಸ್ಪೀಕರಿಗೆ ಹಾಕಿದರು.

"ಗಿರಿಜಾ, ಚೆನ್ನಾಗಿದೀರಾ? ನವೆಂಬರ್ ಪ್ರೋಗ್ರಾಮ್ ಪ್ಲಾನ್ ಮಾಡ್ತಿದೀವಿ" ಎಂದರು. ಧ್ವನಿಯಲ್ಲಿ ಅಳುಕಿತ್ತು. "ಈ ಸಲಾನೂ ವಂದನಾರ್ಪಣೆ ನೀವೇ ಮಾಡ್ಬೇಕು ಅಂತ ಕೆಲವರು ಹೇಳಿದ್ರು. ನಿಮ್ಮ ಭಾಷೇಲೇ ಮಾಡಿ. ಪಾಟೀಲ್ ಅಂಕಲ್ ಅಂತೂ ತುಂಬಾ ಹೇಳಿದ್ರು."

ಅದು ಗೌರವವೋ, ಇನ್ನೊಂದು ಸಲ ನೋಡುವ ಮೋಜೋ, ನನಗೆ ತಿಳಿಯಲಿಲ್ಲ. ಅವರಿಗೂ ತಿಳಿದಿತ್ತೋ ಇಲ್ಲವೋ.

"ವಂದನಾರ್ಪಣೆ ಬ್ಯಾಡ್ರಿ" ಎಂದೆ. "ಸ್ವಾಗತ ಭಾಷಣ ಕೊಡ್ರಿ. ಮಾಡ್ತೀನಿ."

"ಸ್ವಾಗತ ಯಾವಾಗ್ಲೂ ಪ್ರೆಸಿಡೆಂಟ್ ಮಾಡೋದು ಅಲ್ವಾ?"

ಮಹಾಂತೇಶ ಬೇಡವೆಂದು ಕಣ್ಣಲ್ಲೇ ಸನ್ನೆ ಮಾಡಿದರು.

"ಹಂಗಾರ ಪ್ರೆಸಿಡೆಂಟ್ ಆಗಾಕ ಏನ್ ಮಾಡ್ಬೇಕು ಹೇಳ್ರಿ" ಎಂದೆ.

ಆ ಕಡೆಯಿಂದ ಉತ್ತರ ಬರಲಿಲ್ಲ. ಲೈನ್ ಕಟ್ಟಾಯಿತೇನೋ ಎಂದು ಪರದೆಯ ಕಡೆ ನೋಡಿದೆ. ಆಗಿರಲಿಲ್ಲ. ಅವರೂ ಇಡಲಿಲ್ಲ, ನಾನೂ ಇಡಲಿಲ್ಲ. ಶಿಕಾಗೋದ ಕಡೆಗೆ ಕಾರು ಓಡಿಸುತ್ತ ಕಾದೆ.